ಸೇರುವಾಗ ನೋವಾಗುತ್ತದೆ ಅಂದರೆ ಇಷ್ಟವಿಲ್ಲ ಅಂತ ಅರ್ಥವಾ?

ಮದುವೆಯಾಗಿ ಆರು ತಿಂಗಳಾದರೂ ಸೇರುವಾಗ ಹೆಂಡತಿಗೆ ನೋವಾಗುತ್ತದೆ, ನನ್ನ ಮೇಲೆ ಇಷ್ಟವಿಲ್ಲವೇನೋ ಅಂತ ಕೇಳಿದ್ದೀರಿ. ಇಷ್ಟ ಇದ್ದೂ ನೋವಾಗಬಹುದು. ಮೊದಲು ಅವರನ್ನೇ ಕೇಳಿ: ನೋವು ಶುರುವಿನಲ್ಲೇ ಬರುತ್ತದಾ, ಇಲ್ಲ ಒಳಗೆ, ಕಿಬ್ಬೊಟ್ಟೆಯಲ್ಲಿ ಬರುತ್ತದಾ? ಡಾಕ್ಟರೂ ಇದನ್ನು ಕೇಳಿಯೇ ಕೇಳುತ್ತಾರೆ.

ಶುರುವಿನಲ್ಲೇ ಉರಿ ಅಂದರೆ ಎಷ್ಟೋ ಸಲ ತೇವ ಸಾಲದ್ದೇ ಕಾರಣ. ಹೆಣ್ಣಿನ ದೇಹಕ್ಕೆ ಟೈಮ್ ಬೇಕು, ಆತುರ ಮಾಡಿದರೆ ಆಗುವುದಿಲ್ಲ. (ಈ ಮಾತು ಗಂಡಸರಿಗೆ ಸ್ವಲ್ಪ ಚುಚ್ಚುತ್ತದೆ, ಬೇಜಾರಾಗಬೇಡಿ.) ಜೊತೆಗೆ ತುರಿಕೆ, ಗಟ್ಟಿ ಬಿಳಿ ಸ್ರಾವ ಇದ್ದರೆ ಫಂಗಸ್ ಸೋಂಕಿರಬಹುದು. ನನಗೆ ಈ ಉರಿ ಶುರುವಾಗಿದ್ದು ಹೆರಿಗೆಯಾದ ಮೇಲೆ. ಹೊಲಿಗೆ ಮಾಯ್ದಿದ್ದರೂ ನೋವು ಹೋಗಲಿಲ್ಲ. ಹಾಲೂಡಿಸುವಾಗ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಇಳಿದು ಒಳಗೆಲ್ಲ ಒಣಗುತ್ತದೆ ಅಂತ ಬಾಣಂತನ ಮಾಡಿದವರು ಯಾರೂ ಹೇಳಿರಲಿಲ್ಲ. ವಯಸ್ಸಾಗಿ ಮುಟ್ಟು ನಿಂತವರಿಗೂ ಹೀಗೇ ಆಗಬಹುದು.

ಆದರೆ ನಿಮ್ಮದು ಹೊಸ ಮದುವೆ. ವೆಜೈನಿಸ್ಮಸ್ ಇದೆಯಾ ಅಂತ ತೋರಿಸಿ ನೋಡಿ. ಇದರಲ್ಲಿ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ವಾ, ಹಾಗೆ. ಅವರು ಬೇಕಂತ ಮಾಡುವುದಲ್ಲ. ಮೊದಲ ರಾತ್ರಿ ಬಗ್ಗೆ ಕೇಳಿದ ಹೆದರಿಸುವ ಕಥೆಗಳು, ಹಿಂದೆ ಆದ ನೋವು, ಬಸಿರಾಗುವ ಭಯ, ಏನು ಬೇಕಾದರೂ ಕಾರಣ ಇರಬಹುದು. ಕೆಲವರಿಗೆ ಕಾರಣವೇ ಸಿಗುವುದಿಲ್ಲ. ಬಲವಂತ ಮಾಡಿದಷ್ಟೂ ಬಿಗಿ ಜಾಸ್ತಿ. 'ಹಲ್ಲು ಕಚ್ಚಿ ತಡ್ಕೋ, ಆಮೇಲೆ ಸರಿಹೋಗುತ್ತೆ' ಅನ್ನುವ ಹಿರಿಯರ ಸಲಹೆ ಇಲ್ಲಿ ಸುಮ್ನೆ ಹಾನಿ. ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ (ಆ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ವ್ಯಾಯಾಮ), ಡೈಲೇಟರ್ (ಯೋನಿಯೊಳಗೆ ನಿಧಾನವಾಗಿ ಇಟ್ಟು ಅಭ್ಯಾಸ ಮಾಡುವ, ಸಣ್ಣದರಿಂದ ದೊಡ್ಡದಕ್ಕೆ ಹೋಗುವ ಕೊಳವೆಯಂಥ ಸಾಧನ), ಕೌನ್ಸೆಲಿಂಗ್, ಇವುಗಳಿಂದ ಹೆಚ್ಚಿನವರಿಗೆ ಗುಣವಾಗುತ್ತದೆ.

ಒಳಗೆ ಆಳದಲ್ಲಿ ನೋವು, ಮುಟ್ಟಿನಲ್ಲೂ ತಡೆಯಲಾರದ ನೋವು ಅಂದರೆ ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಜನಕ್ಕೆ ಇದಿದೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣದೆಯೂ ಇರಬಹುದು, ರಿಪೋರ್ಟ್ ನಾರ್ಮಲ್ ಅಂದರೆ ಅಲ್ಲಿಗೇ ಬಿಡಬೇಡಿ. ಅಂಡಾಶಯದ ಗಡ್ಡೆ, ಗರ್ಭಕೋಶದ ಸೋಂಕೂ ಹೀಗೇ ನೋಯಿಸುತ್ತವೆ.

ಸದ್ಯಕ್ಕೆ ಒಳಸೇರಿಸುವ ಪ್ರಯತ್ನ ನಿಲ್ಲಿಸಿ, ಮುದ್ದು ಮಾಡುವುದನ್ನಲ್ಲ. ಬರೀ ಒಣಗಿರುವುದೇ ಸಮಸ್ಯೆಯಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ಜಾರಿಕೆಗೆ ಹಚ್ಚುವ ವಾಟರ್ ಬೇಸ್ಡ್ ಜೆಲ್ ಸಾಕು. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಾಂಡೋಮಿನ ರಬ್ಬರ್ (ಲೇಟೆಕ್ಸ್) ಹರಿಯಬಹುದು. ಸ್ತ್ರೀರೋಗ ತಜ್ಞರ ಹತ್ತಿರ ಇಬ್ಬರೂ ಹೋಗಿ. ಒಳಗೆ ಪರೀಕ್ಷೆ ಮಾಡುವಾಗ ನೋವಾದರೆ 'ನಿಲ್ಲಿಸಿ' ಅನ್ನುವ ಹಕ್ಕು ನಿಮ್ಮ ಹೆಂಡತಿಗಿದೆ, ಮುಂಚೆಯೇ ಹೇಳಿಡಿ. ಸೇರಿದ ಮೇಲೆ ರಕ್ತ, ಕೆಟ್ಟ ವಾಸನೆಯ ಸ್ರಾವ, ಜ್ವರ ಇದ್ದರೆ ಕಾಯಬೇಡಿ, ನಾಳೆಯೇ ತೋರಿಸಿ.