ನಗರಸೇವಕರ ಪರಿಚಯ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಮುಂಬೈಯಲ್ಲಿ ಎಂ.ಎ. ಸೀಟು ಸಿಕ್ಕಿದೆ, ರಾಜಕೀಯ ಮತ್ತು ಅಧಿಕಾರವನ್ನು ಮಾನವಶಾಸ್ತ್ರದ ಕಣ್ಣಿನಿಂದ ಓದಬೇಕು ಅಂತಿದ್ದೀಯ. ರೂಮು ಎಲ್ಲಿ ಹಿಡಿಯಲಿ, ಮರಾಠಿ ಬರದಿದ್ದರೆ ನಡೆಯುತ್ತದಾ, ಊಟಕ್ಕೆ ಏನು ಗತಿ ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: "ಅಕ್ಕಾ, ಯಾರಾದರೂ ನಗರಸೇವಕರ, ಅಂದ್ರೆ ಅಲ್ಲಿನ ಕಾರ್ಪೊರೇಟರ್ ಪರಿಚಯ ಮಾಡಿಸಿಕೊಡ್ತೀರಾ? ಒಳಗಿನ ಸಂಗತಿ ಎಲ್ಲಾ ಅವರಿಗೇ ಗೊತ್ತಿರುತ್ತೆ ಅಲ್ವಾ?"

ರೂಮು, ಊಟದ ಮಾತು ಬೇಗ ಮುಗಿಸುತ್ತೇನೆ. ಹಾಸ್ಟೆಲ್ ಸಿಕ್ಕರೆ ಕಣ್ಣು ಮುಚ್ಚಿ ಹೋಗು. ಸಿಗದಿದ್ದರೆ ನಾಲ್ಕೈದು ಹುಡುಗರು ಸೇರಿ ರೂಮು ಮಾಡಿ. ಕರಾರು 11 ತಿಂಗಳಿನದು ಇರುತ್ತದೆ, ಡಿಪಾಸಿಟ್ ಕೇಳುತ್ತಾರೆ, ದಲಾಲನಿಗೂ ಕೊಡಬೇಕು. ಊಟದ ಚಿಂತೆ ಬಿಡು, ಉಡುಪಿ ಹೋಟೆಲ್ ಇಲ್ಲದ ಸ್ಟೇಷನ್ ಇಲ್ಲಿ ಕಮ್ಮಿ. ಮಾಟುಂಗಾಕ್ಕೆ ಒಂದು ಸಲ ಹೋಗಿ ಬಾ, ಕರ್ನಾಟಕ ಸಂಘ ಅಲ್ಲೇ ಇದೆ. ಫೋರ್ಟಿನ ಕಡೆ ಕನ್ನಡ ರಾತ್ರಿ ಶಾಲೆಗಳು ಇದ್ದವು. ಹಗಲು ಹೋಟೆಲಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಕೂತು ಓದಿದರು. ಈ ಊರಿನ ಕನ್ನಡ ಅಂಥವರು ಕಟ್ಟಿದ್ದು. ಹೇಳುವಾಗ ಈಗಲೂ ನನಗೆ ಜಂಬ ಬರುತ್ತದೆ, ಬರಲಿ ಬಿಡು.

ಮರಾಠಿ ಮಾತ್ರ ಕಲಿಯಲೇಬೇಕು. ಹಿಂದಿಯಲ್ಲಿ ಬಸ್ ಹತ್ತಬಹುದು, ರೂಮು ಹಿಡಿಯಬಹುದು. ಜಗಳ ಯಾಕೆ ಶುರುವಾಯಿತು ಅಂತ ತಿಳಿಯಬೇಕಾದರೆ ಮರಾಠಿ ಬೇಕು.

ಇನ್ನು ಆ ಕೊನೆಯ ಸಾಲು.

ನಾನು ಅಂಕೋಲೆಯಿಂದ ಬಂದದ್ದು 1997ರ ಮಳೆಗಾಲದಲ್ಲಿ, ಬಸ್ಸಿನಲ್ಲಿ. ಕೊಂಕಣ ರೈಲು ಉದ್ದಕ್ಕೂ ಓಡಲು ಶುರುವಾದದ್ದು ಮರುವರ್ಷ. ಚಿಕ್ಕಪ್ಪ ಚೆಂಬೂರಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಚಾಳಿನ ಒಂದೇ ಕೋಣೆಯಲ್ಲಿ ಐದು ಜನ. ಮೊದಲ ರಾತ್ರಿ ನಾಲ್ಕು ಗಂಟೆಗೇ ಚಿಕ್ಕಮ್ಮ ತಟ್ಟಿ ಎಬ್ಬಿಸಿದರು. "ಏಳೇ, ನೀರು ಬಂತು!" ನನಗೆ ಅರ್ಥವೇ ಆಗಲಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಬಾವಿ. ನಮ್ಮಲ್ಲಿ ನೀರು ಬರುವುದಿಲ್ಲ, ಇರುತ್ತದೆ. ಇಲ್ಲಿ ತಾನ್ಸಾ, ಭಾತ್ಸಾ, ವೈತರಣಾ ಅಂತ ಎಲ್ಲೋ ದೂರದ ಕೆರೆಗಳಿಂದ ಕೊಳವೆಯಲ್ಲಿ ಬರುತ್ತದೆ. ಯಾವ ಗಲ್ಲಿಗೆ ಎಷ್ಟು ಹೊತ್ತು ಅನ್ನುವುದು ವಾಲ್ವ್ ತಿರುಗಿಸುವ ಚಾವಿವಾಲಾನ ಕೈಯಲ್ಲಿ. ಅವನ ಕೈಯ ಹಿಂದೆ ಇನ್ನೂ ಎಷ್ಟೋ ಕೈ.

ನೀನು ಓದಬೇಕು ಅಂತಿರುವುದು ಇದನ್ನೇ. ಪಾಲಿಕೆಯಲ್ಲಿ 227 ವಾರ್ಡು, ಯಾರು ಗೆದ್ದರು, ಎಷ್ಟು ಮತ ಅನ್ನುವುದನ್ನು ರಾಜ್ಯಶಾಸ್ತ್ರದವರು ಚೆನ್ನಾಗಿಯೇ ಹೇಳುತ್ತಾರೆ. ನಮ್ಮ ಮಾನವಶಾಸ್ತ್ರದವರು ನಲ್ಲಿಯ ಹತ್ತಿರ ನಿಲ್ಲುತ್ತಾರೆ. ಕೊಡಗಳ ಸಾಲಿನಲ್ಲಿ ಯಾರ ಕೊಡ ಮುಂದೆ ಸರಿಯಿತು, ಗಣಪತಿ ಮಂಡಳದ ವರ್ಗಣಿ (ಚಂದಾ) ಪುಸ್ತಕದಲ್ಲಿ ಯಾರ ಹೆಸರು ಮೊದಲು, ಗುಡಿಸಲು ಉಳಿಸಿಕೊಳ್ಳಲು ಆಗ ಬೇಕಿದ್ದ, 1995ರ ಜನವರಿ 1ಕ್ಕಿಂತ ಮುಂಚೆ ಇಲ್ಲಿದ್ದೆವು ಅನ್ನುವ ಕಾಗದ ಮಾಡಿಸಲು ಯಾರ ಬಾಗಿಲು ಬಡಿದರು, ಇದೆಲ್ಲ ನೋಡುತ್ತಾರೆ. ಆಫ್ರಿಕದ ನುಎರ್ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1940ರಲ್ಲಿ ಬರೆದದ್ದನ್ನು ಮೊದಲ ವರ್ಷವೇ ಓದಿಸುತ್ತಾರೆ. ಆಗ ಅವರಲ್ಲಿ ರಾಜನಿರಲಿಲ್ಲ, ಪೊಲೀಸರಿರಲಿಲ್ಲ. ಕೊಲೆಯಾದರೆ ಚಿರತೆಯ ಚರ್ಮ ಹೊದ್ದ ಒಬ್ಬ ನಡುವೆ ಬಂದು ರಾಜಿ ಮಾಡಿಸುತ್ತಿದ್ದ. ಅಪ್ಪಣೆ ಕೊಡುವ ಅಧಿಕಾರ ಅವನಿಗಿರಲಿಲ್ಲ, ಆದರೂ ಕೆಲಸ ನಡೆಯುತ್ತಿತ್ತು. ನಮ್ಮ ಕಡೆ ಪಂಚಾಯ್ತಿಕೆ ಮಾಡುವ ಹಿರಿಯರನ್ನು ನೋಡಿ ಬೆಳೆದ ನಿನಗೆ ಇದು ಬೇಗ ಹತ್ತುತ್ತದೆ.

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೂಡ ಓದಲು ಇದೇ ಊರಿಗೆ ಬಂದವರು, ಇಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಘುರ್ಯೆಯವರ ಶಿಷ್ಯ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಕೂತರು. ಅದಕ್ಕೆ ರಾಂಪುರ ಅಂತ ಬೇರೆ ಹೆಸರಿಟ್ಟು ಬರೆದರು. 'ವೋಟ್ ಬ್ಯಾಂಕ್' ಅನ್ನುವ ಮಾತು ಹುಟ್ಟಿದ್ದು ಆ ಹಳ್ಳಿಯ ಬಗ್ಗೆ 1955ರಲ್ಲಿ ಅವರು ಬರೆದ ಲೇಖನದಲ್ಲಿ ಅನ್ನುತ್ತಾರೆ. ಅವರು ಉಳಿದುಕೊಂಡದ್ದು ಊರ ಪಟೇಲರಿಗೆ ಸೇರಿದ ಮನೆಯಲ್ಲಿ. ಹಾಗಾಗಿ ಊರನ್ನು ಮೇಲಿನವರ ಕಡೆಯಿಂದಲೇ ಜಾಸ್ತಿ ಕಂಡೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಅಷ್ಟು ದೊಡ್ಡವರಿಗೇ ಹಾಗಾಯಿತು.

ನನಗೆ ಆದದ್ದು ಹೇಳುತ್ತೇನೆ. ಎಂ.ಎ. ಎರಡನೇ ವರ್ಷ ಪ್ರಬಂಧಕ್ಕೆ ಗೋವಂಡಿ ಕಡೆಯ ಒಂದು ಗಲ್ಲಿ ಹಿಡಿದೆ. ಗಲ್ಲಿಯ ಹೆಸರು ಬೇಡ. ಅಲ್ಲಿ ಕಲಬುರಗಿ ಕಡೆಯ ಒಬ್ಬ ಹೆಂಗಸು ಇದ್ದಳು, ಕೂಲಿಯವರು ಸೇರುವ ನಾಕಾದಲ್ಲಿ ನಿಂತು ಕಟ್ಟಡದ ಕೆಲಸಕ್ಕೆ ಹೋಗುವವಳು. ಮೂರು ವಾರ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಒಂದು ದಿನ ಸುಮ್ನೆ "ಅಯ್ಯೋ, ಎಷ್ಟು ಸೆಕೆ" ಅಂದೆ. ಅವಳು ತಿರುಗಿ, "ನಮ್ಮ ಮಾತು ಬರ್ತದೇನ್ ನಿಂಗ?" ಅಂದಳು. ಅವತ್ತಿನಿಂದ ಅವಳ ಕಟ್ಟೆಯೇ ನನ್ನ ಜಾಗ. ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಾ ಎಲ್ಲಾ ಹೇಳಿದಳು. ತಿಂಗಳಿಗೆ ಮನೆಗೆ ಹತ್ತು ರೂಪಾಯಿ ಯಾರು ಎತ್ತುತ್ತಾರೆ, ಕೊಡದವರ ನೀರು ಹೇಗೆ ಸಣ್ಣಗಾಗುತ್ತದೆ ಅಂತ. ಇದರ ಕಾಟ ತಾಳದೆ ಅವಳೂ ಇನ್ನು ನಾಲ್ಕು ಮನೆಯವರೂ ಸೇರಿ ಗಟಾರದೊಳಗಿಂದ ಒಂದು ಪೈಪು ಎಳೆದುಕೊಂಡಿದ್ದರು. ಅದನ್ನು ಹೇಳುವಾಗ ನನ್ನ ಕೈ ನೋಡಿ, "ಇದನ್ನ ಬರ್ಕೋಬ್ಯಾಡವ್ವಾ" ಅಂದಳು. ನಾನು ಬರೆದುಕೊಳ್ಳಲಿಲ್ಲ. ಅಷ್ಟಕ್ಕೆ ಪ್ರಾಮಾಣಿಕಳು ಅಂದುಕೊಂಡೆ.

ಚಿಕ್ಕಪ್ಪನ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಆ ವಾರ್ಡಿನ ನಗರಸೇವಕರ ಪರಿಚಯ ಮಾಡಿಸಿದರು. ನೀನು ಕೇಳಿದೆಯಲ್ಲ, ಅದೇ ಪರಿಚಯ. ಕಚೇರಿಯಲ್ಲಿ ಚಹಾ ಕೊಟ್ಟರು, "ಕೇಳಿ ಮ್ಯಾಡಂ" ಅಂದರು. ನನಗೆ 22 ವರ್ಷ. ಮ್ಯಾಡಂ ಅಂತ ಅದೇ ಮೊದಲ ಸಲ ಕರೆಸಿಕೊಂಡದ್ದು. ನನಗೂ ಒಳಗಿನದು ಗೊತ್ತು ಅಂತ ತೋರಿಸಬೇಕಿತ್ತು. ಹತ್ತು ರೂಪಾಯಿ ಯಾರಿಗೆ ಹೋಗುತ್ತದೆ ಅಂತ ಕೇಳಿದೆ. ಅವರು ನಕ್ಕರು. ಅದು ಸಾಲದೆ, ಜನ ಬೇಸತ್ತು ಗಟಾರದಲ್ಲಿ ಪೈಪು ಹಾಕಿಕೊಳ್ಳುವಂತೆ ಆಗಿದೆಯಲ್ಲ ಅಂದೆ. ಯಾರ ಹೆಸರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ನೋಡು, ನಾನು ದಿನಾ ಯಾರ ಕಟ್ಟೆಯಲ್ಲಿ ಕೂರುತ್ತೇನೆ ಅಂತ ಇಡೀ ಗಲ್ಲಿಗೆ ಗೊತ್ತಿತ್ತು.

ಎಂಟು ದಿನದೊಳಗೆ ಪೈಪು ಕಿತ್ತರು. ಐದೂ ಮನೆಯ ನೀರು ಹೋಯಿತು, ದಂಡ ಅಂತ ಬೇರೆ ದುಡ್ಡು ಎತ್ತಿದರು. ನಾನು ಹೋದಾಗ ಅವಳು ಬೈಯಲಿಲ್ಲ. ಚಾಪೆ ಹಾಕಿದಳು, ಚಹಾ ಕೊಟ್ಟಳು. "ಬೈಠೋ ಮ್ಯಾಡಂ" ಅಂದಳು. ಅವತ್ತು ಪೂರ್ತಿ ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದಳು. ಆಮೇಲೂ ಅಷ್ಟೇ.

ಪ್ರಬಂಧಕ್ಕೆ ಒಳ್ಳೇ ಅಂಕ ಬಂತು. ನಲ್ಲಿಯ ಅಧ್ಯಾಯವನ್ನು ಎಲ್ಲರೂ ಹೊಗಳಿದರು. ಈಗ ನಾನು ಪಾಠ ಮಾಡುವ ಕೆಲಸ ಸಿಕ್ಕಿದ್ದೂ ಒಂದು ರೀತಿಯಲ್ಲಿ ಅದರಿಂದಲೇ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ ಶ್ರೀನಿವಾಸರು ಸಿದ್ಧಪಡಿಸಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದವು, ಅವರು ನೆನಪಿನಿಂದಲೇ ಪುಸ್ತಕ ಬರೆದು 1976ರಲ್ಲಿ ಹೊರತಂದರು. ಅದನ್ನು ಪಾಠ ಮಾಡುವಾಗ ಹುಡುಗರು ಅಯ್ಯೋ ಪಾಪ ಅನ್ನುತ್ತಾರೆ. ನನ್ನವೂ ಸುಟ್ಟಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. 2011ರಲ್ಲಿ ಹುಡುಕಿಕೊಂಡು ಹೋದೆ. ಗಲ್ಲಿ ಇರಲಿಲ್ಲ. ಏಳು ಮಹಡಿಯ ಕಟ್ಟಡ ಎದ್ದಿತ್ತು. ಅವಳ ಹೆಸರು ಹೇಳಿ ಕೇಳಿದರೆ ವಾಚ್‌ಮನ್‌ಗೆ ಗೊತ್ತಿಲ್ಲ.

ಅದಕ್ಕೇ ನಗರಸೇವಕರ ಪರಿಚಯ ಮಾಡಿಸಲಾರೆ. ಅವರ ಹತ್ತಿರ ಹೋಗಲೇಬೇಡ ಅನ್ನುತ್ತಿಲ್ಲ. ಅಧಿಕಾರ ಓದುವವರು ಅಧಿಕಾರ ಇರುವವರ ಮುಂದೆ ಕೂರದೇ ಹೇಗೆ? ಆದರೆ ಮೊದಲ ಬಾಗಿಲು ಅದು ಆಗಬಾರದು. ಹೋದಾಗಲೂ ಪೆದ್ದನ ಹಾಗೆ ಕೂತು ಕೇಳು, ಜಾಣತನ ತೋರಿಸಬೇಡ. ಮೊದಲ ಮೂರು ತಿಂಗಳು ಏನೂ ಬರೆಯದಿದ್ದರೂ ನಡೆಯುತ್ತದೆ. ನಿನ್ನ ಗೈಡು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಚಿಕ್ಕಪ್ಪ ಈಗ ಅಂಕೋಲೆಯಲ್ಲೇ ಇದ್ದಾರೆ. ಚಿಕ್ಕಮ್ಮನಿಗೆ ಇವತ್ತಿಗೂ ನಾಲ್ಕು ಗಂಟೆಗೆ ಎಚ್ಚರವಾಗುತ್ತದಂತೆ, ಎದ್ದು ಬಾವಿಕಟ್ಟೆಯ ಮೇಲೆ ಸುಮ್ನೆ ಕೂರುತ್ತಾರಂತೆ. ನೀನು ಬರುವ ದಿನ ತಿಳಿಸು, ಠಾಣೆ ರೈಲು ಸ್ಟೇಷನ್ನಿನಲ್ಲಿ ಇಳಿ, ನಾನೇ ಬರುತ್ತೇನೆ. ಹಾಸಿಗೆ, ಬಕೆಟ್ಟು ಹೊತ್ತು ತರಬೇಡ. ಅಮ್ಮ ಮಿಡಿ ಉಪ್ಪಿನಕಾಯಿ ಹಾಕಿದ್ದರೆ ಒಂದು ಡಬ್ಬಿ ತಾ.