ಸತೋಪಂಥ್‌ನಲ್ಲಿ ಹುಟ್ಟಿದ ಪ್ರೀತಿ ಗಂಗಾವತಿಯಲ್ಲಿ ಉಳಿಯುತ್ತಾ?

ಪ್ರಶ್ನೆ: ನನಗೆ 27 ವರ್ಷ. ಗಂಗಾವತಿಯ ಖಾಸಗಿ ಶಾಲೆಯಲ್ಲಿ ಪಿಟಿ ಟೀಚರ್. ಸಾಣಾಪುರದ ಬಂಡೆಗಳ ಮೇಲೆ ಹತ್ತೋದು ಕಲಿತೆ, ಆಮೇಲೆ ಹಿಮಾಲಯದ ಹುಚ್ಚು ಹಿಡಿಯಿತು. ಹೋದ ಜೂನ್‌ನಲ್ಲಿ ಗಂಗೋತ್ರಿ ಕಡೆಯ ಸತೋಪಂಥ್ ಏರಲು ಹೋಗಿದ್ದೆ. ಎರಡನೇ ಕ್ಯಾಂಪಿನಲ್ಲಿ ಹಿಮಗಾಳಿಗೆ ಸಿಕ್ಕಿಕೊಂಡೆವು. ನನಗೆ ತಲೆನೋವು, ವಾಂತಿ. ಯಾರಿಗೂ ಹೇಳಲಿಲ್ಲ. ನನ್ನ ಜೊತೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದ ಉತ್ತರಕಾಶಿಯ ಹುಡುಗ ಅದನ್ನು ಗಮನಿಸಿದ. ಟಾರ್ಚ್ ಬೆಳಕಿನಲ್ಲಿ ನೇರ ಗೆರೆ ಹಿಡಿದು ನಡೆಯಲು ಹೇಳಿದ. ನನ್ನಿಂದ ಆಗಲಿಲ್ಲ. ಗಾಳಿ ತುಸು ಇಳಿದ ತಕ್ಷಣ ಶಿಖರದ ಆಸೆ ಬಿಟ್ಟು ನನ್ನನ್ನು ಕೆಳಗೆ ಕರೆತಂದ. ಈಗ ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಮದುವೆಯಾಗೋಣ, ಬರುವ ಮೇ ತಿಂಗಳಲ್ಲಿ ಮತ್ತೆ ಸತೋಪಂಥ್‌ಗೆ ಹೋಗೋಣ ಅನ್ನುತ್ತಾನೆ. ಇಲ್ಲಿ ನೋಡಿದರೆ ಸಿಂಧನೂರಿನವರು ಕನ್ಯಾ ನೋಡಲು ಬರುವವರಿದ್ದಾರೆ. ಅವ್ವನಿಗೆ ಏನೂ ಗೊತ್ತಿಲ್ಲ. ಇದು ಪ್ರೀತಿನಾ, ಇಲ್ಲಾ ಆ ರಾತ್ರಿಯ ಭಯ ಹುಟ್ಟಿಸಿದ್ದಾ? ಅವನ ಋಣ ಹೇಗೆ ತೀರಿಸಲಿ?

ಉತ್ತರ: ತಂಗಿ, ಮೊದಲು ಆ ರಾತ್ರಿಯ ಮಾತು. ವಾಂತಿಯನ್ನು ಮುಚ್ಚಿಟ್ಟೆ ಅಂತ ಬರೆದದ್ದನ್ನು ಓದಿ ಎದೆ ಝಲ್ ಎಂದಿತು. 5,500 ಮೀಟರ್ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ತಲೆನೋವು, ವಾಂತಿಯ ಜೊತೆ ನೇರ ನಡೆಯಲೂ ಆಗುತ್ತಿಲ್ಲ ಅಂದರೆ ಮಿದುಳು ಊದಿಕೊಳ್ಳುತ್ತಿರಬಹುದು. ಇಂಜೆಕ್ಷನ್ ಸ್ವಲ್ಪ ಹೊತ್ತು ಕಾಪಾಡುತ್ತದೆ, ಅಷ್ಟೇ. ಕೆಳಗೆ ಇಳಿಯಲೇಬೇಕು. ತಡ ಮಾಡಿದರೆ ಜೀವ ಹೋಗುತ್ತದೆ. ಆ ಹುಡುಗ ಮಾಡಿದ್ದು ಪೂರ್ತಿ ಸರಿ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೊ ಅಂತ ಒಂದು ತೂಗುಸೇತುವೆ ಇದೆ. ನದಿಯಿಂದ ಸುಮಾರು 70 ಮೀಟರ್ ಮೇಲೆ ಅಲುಗಾಡುತ್ತಿರುತ್ತದೆ. ಡಟನ್, ಆರನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿ ಮಾಡಿದ ಪ್ರಯೋಗ 1974ರಲ್ಲಿ ಪ್ರಕಟವಾಯಿತು. ಸೇತುವೆ ದಾಟುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಕೆಲವು ಪ್ರಶ್ನೆ ಕೇಳಿ, ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಹತ್ತಿರದ ಗಟ್ಟಿ ಸೇತುವೆಯ ಮೇಲೂ ಹಾಗೇ ಮಾಡಿದರು. ಆಮೇಲೆ ಅವಳಿಗೆ ಫೋನ್ ಮಾಡಿದವರಲ್ಲಿ ಅಲುಗಾಡುವ ಸೇತುವೆಯವರೇ ಜಾಸ್ತಿ. ಭಯಕ್ಕೆ ಹೊಡೆದುಕೊಂಡ ಎದೆಯನ್ನು ಮನಸ್ಸು ಎದುರಿಗಿದ್ದ ಹುಡುಗಿಯ ಲೆಕ್ಕಕ್ಕೆ ಹಾಕಿಬಿಟ್ಟಿತು ಎಂಬುದು ಅವರ ವಿವರಣೆ.

ಹಾಗಾಗಿ ನಿಮ್ಮ ಅನುಮಾನ ಹುಚ್ಚು ಅನುಮಾನವಲ್ಲ. ಸಾವು ಟೆಂಟಿನ ಹೊರಗೆ ನಿಂತಿದ್ದ ರಾತ್ರಿ ಕೈ ಹಿಡಿದವನ ಮೇಲೆ ಎಂಥ ಸೆಳೆತವಾದರೂ ಹುಟ್ಟಬಹುದು. ಆ ಸೆಳೆತ ಎಷ್ಟು ದಿನ ಇರುತ್ತದೆ ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಅದೊಂದನ್ನೇ ನಂಬಿ ಮದುವೆಗೆ ಒಪ್ಪಬೇಡಿ.

ಆದರೆ ಅಲ್ಲಿ ನೀವು ಇನ್ನೊಂದನ್ನೂ ನೋಡಿದ್ದೀರಿ, ಅವನ ನಡವಳಿಕೆ. ನೀವು ಬಾಯಿ ಬಿಡದಿದ್ದರೂ ಗಮನಿಸಿದ. ಬೈಯಲಿಲ್ಲ, ಪರೀಕ್ಷೆ ಮಾಡಿದ. 7,075 ಮೀಟರ್‌ನ ಶಿಖರವನ್ನು ಬಿಟ್ಟು ಇಳಿದ. ಉಸಿರಾಡಲೂ ಕಷ್ಟವಾಗುವ ಕಡೆ ಮನುಷ್ಯ ತನ್ನ ಸ್ವಭಾವವನ್ನು ಮುಚ್ಚಿಡೋದು ಸುಲಭವಲ್ಲ. ಕನ್ಯಾ ನೋಡಲು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು ಹೋಗುವ ಒಂದು ತಾಸಿನಲ್ಲಿ ಯಾವ ಹುಡುಗನ ಬಗ್ಗೆಯೂ ನಿಮಗೆ ಇಷ್ಟು ತಿಳಿಯುವುದಿಲ್ಲ. ಸೆಳೆತವನ್ನು ಅನುಮಾನಿಸಿ, ಕಣ್ಣಾರೆ ಕಂಡದ್ದನ್ನು ಅನುಮಾನಿಸಬೇಡಿ.

ಋಣದ ಮಾತು ಮಾತ್ರ ಬಿಟ್ಟುಬಿಡಿ. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರು ಒಬ್ಬರ ಜೀವ ಇನ್ನೊಬ್ಬರು ಕಾಯುವುದು ಅಲ್ಲಿನ ಧರ್ಮ. ಅವನು ಜಾರಿದ್ದರೆ ನೀವು ಹಿಡಿಯುತ್ತಿರಲಿಲ್ಲವೇ? ಅದಕ್ಕೆ ಧನ್ಯವಾದ ಹೇಳಬೇಕು, ಮನಸಾರೆ ಹೇಳಿ. ತಾಳಿ ಕಟ್ಟಿಸಿಕೊಂಡು ತೀರಿಸುವ ಸಾಲ ಅದಲ್ಲ.

ಬೆಟ್ಟದಲ್ಲಿ ಶುರುವಾದ ಪ್ರೀತಿ ಗಟ್ಟಿ ನಿಂತ ಉದಾಹರಣೆಯೂ ಇದೆ. ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೆಯಿ ತಮ್ಮ ಗಂಡನನ್ನು ಭೇಟಿಯಾದದ್ದು ಪರ್ವತಾರೋಹಣದಲ್ಲೇ. 1975ರಲ್ಲಿ ಅವರು ಎವರೆಸ್ಟ್‌ಗೆ ಹೋದಾಗ ಮನೆಯಲ್ಲಿ ಪುಟ್ಟ ಮಗಳಿದ್ದಳು, ಗಂಡ ಬೆಂಬಲಕ್ಕೆ ನಿಂತಿದ್ದರು. ನಿಮ್ಮ ಹುಡುಗ ಹಾಗೆ ನಿಲ್ಲುತ್ತಾನಾ? ಫೋನಿನಲ್ಲಿ ಇದು ಗೊತ್ತಾಗುವುದಿಲ್ಲ. ಅವನು ಗಂಗಾವತಿಗೆ ಬರಲಿ. ಏಪ್ರಿಲ್‌ನಲ್ಲೇ ಬರಲಿ, 40 ಡಿಗ್ರಿ ಬಿಸಿಲಿನಲ್ಲಿ, ಕರೆಂಟ್ ಹೋದ ಮಧ್ಯಾಹ್ನ ನಿಮ್ಮ ಅಪ್ಪನ ಜೊತೆ ಪಡಸಾಲೆಯಲ್ಲಿ ಕೂರಲಿ. ನಿಮ್ಮ ಮನೆಯ ಮಾತು ಅವನಿಗೆ ಬರುವುದಿಲ್ಲ, ಅವನ ಮಾತು ನಿಮ್ಮ ಮನೆಯವರಿಗೆ ಬರುವುದಿಲ್ಲ. ಆಗ ಅವನು ಸುಮ್ನೆ ಮೊಬೈಲ್ ನೋಡುತ್ತಾನಾ, ಅವ್ವನ ಕೈಯಿಂದ ತಟ್ಟೆ ತೆಗೆದುಕೊಳ್ಳಲು ಏಳುತ್ತಾನಾ ನೋಡಿ. ನೀವೂ ಉತ್ತರಕಾಶಿಯ ಅವನ ಮನೆಗೆ ಹೋಗಿ ಬನ್ನಿ. ಚಳಿಗಾಲದಲ್ಲಿ ಬೆಟ್ಟದ ಕೆಲಸ ಕಡಿಮೆಯಾದಾಗ ಮನೆ ಹೇಗೆ ನಡೆಯುತ್ತದೆ, ವಿಮೆ ಇದೆಯಾ, ಮದುವೆಯಾದ ಮೇಲೆ ಯಾರು ಯಾರ ಊರಿಗೆ ಹೋಗುವುದು, ಇದನ್ನೆಲ್ಲ ನಾಚಿಕೆ ಬಿಟ್ಟು ಕೇಳಿ.

ಅವ್ವನಿಗೆ ಈ ವಾರವೇ ಹೇಳಿ. ಮನಸ್ಸು ಬೇರೆ ಕಡೆ ಇಟ್ಟುಕೊಂಡು ಸಿಂಧನೂರಿನವರ ಮುಂದೆ ಕೂರುವುದು ಆ ಹುಡುಗನಿಗೂ ಅನ್ಯಾಯ. ಜಾತಿ, ಭಾಷೆಯ ಜಗಳ ಬರುತ್ತದೆ, ಬರಲಿ. ಅದಕ್ಕೆ ನೀವು ತಲೆ ಬಾಗಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅವ್ವ ಬೆಟ್ಟಕ್ಕೆ ಹೆದರಿದರೆ ಆ ಹೆದರಿಕೆಯನ್ನು ತಳ್ಳಿಹಾಕಬೇಡಿ. 2022ರ ಅಕ್ಟೋಬರ್‌ನಲ್ಲಿ ಅದೇ ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತರಬೇತಿ ತಂಡದ 25ಕ್ಕೂ ಹೆಚ್ಚು ಜನ ಹೋದರು. ಅದೇ ವರ್ಷ ಎವರೆಸ್ಟ್ ಏರಿ ಬಂದಿದ್ದ ಸವಿತಾ ಕಂಸ್ವಾಲ್ ಕೂಡ ಅವರಲ್ಲಿದ್ದರು. ಎಷ್ಟು ಜಾಣರಾದರೂ ಅಲ್ಲಿ ಅಪಾಯ ತಪ್ಪಿದ್ದಲ್ಲ. ಅವ್ವ ಅತ್ತರೆ ಕೂತು ಕೇಳಿಸಿಕೊಳ್ಳಿ, ವಾದ ಮಾಡಬೇಡಿ.

ಕೊನೆಗೆ ಮೇ ತಿಂಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಇದೊಂದೇ. ಒಮ್ಮೆ ಹೀಗೆ ಆದವರಿಗೆ ಆ ಎತ್ತರದಲ್ಲಿ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ನಿಮ್ಮನ್ನು ಆ ಸ್ಥಿತಿಯಲ್ಲಿ ನೋಡಿದವನು "ಮತ್ತೆ ಹೋಗೋಣ" ಅನ್ನುವ ಮೊದಲು "ಡಾಕ್ಟರ್‌ಗೆ ತೋರಿಸಿದೆಯಾ" ಅಂತ ಕೇಳಬೇಕಿತ್ತು, ಅಲ್ವಾ? ಉತ್ಸಾಹದಲ್ಲಿ ಮರೆತಿರಬಹುದು. ನೀವು ಎತ್ತರದ ಕಾಯಿಲೆ ಬಲ್ಲ ವೈದ್ಯರನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ "ಈ ಮೇನಲ್ಲಿ ನಾನು ಬರುವುದಿಲ್ಲ" ಅಂತ ಅವನಿಗೆ ನೇರವಾಗಿ ಹೇಳಿ. ಅವನು ಏನಂದ ಎಂಬುದನ್ನು ನನಗೆ ಬರೆಯಿರಿ, ಮದುವೆಯ ಮಾತನ್ನು ಆಮೇಲೆ ಮುಂದುವರಿಸೋಣ.