ಎಷ್ಟು ಇಂಚು ಎಂಬ ಜಗಳ: ಒಂದು ಆಪ್ತಸಲಹೆ ಪ್ರಕರಣ

ಮನೆಯವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಾರದೆಂದು ವಯಸ್ಸು, ಓದಿನ ವಿಷಯ, ಮನೆಯ ವಿವರಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಜಗಳ ಮಾತ್ರ ಇದ್ದದ್ದು ಇದ್ದಂತೆಯೇ ಇದೆ.

ಬಂದವರು ಅಪ್ಪ, ಅಮ್ಮ ಮತ್ತು ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿರುವ ಮಗ. ಫೋನಿನಲ್ಲಿ ಸಮಯ ಕೇಳಿದಾಗ ಅಮ್ಮ ಹೇಳಿದ ಕಾರಣ ಇಷ್ಟೇ: "ಅಪ್ಪ ಮಗ ಮಾತು ಬಿಟ್ಟು ಕುಳಿತಿದ್ದಾರೆ." ಎಲ್ಲಿ ಬಿಟ್ಟರು ಎಂದು ಎದುರು ಕೂರಿಸಿಕೊಂಡು ಕೇಳಿದಾಗ ತಿಳಿಯಿತು, ಲ್ಯಾಪ್‌ಟಾಪ್ ಅಂಗಡಿಯಲ್ಲಿ. ಹಣ ಸಿದ್ಧವಿತ್ತು, ಕೊಳ್ಳಬೇಕೆಂಬುದರಲ್ಲಿ ತಕರಾರಿರಲಿಲ್ಲ. ಅಪ್ಪ 17.3 ಇಂಚಿನದೇ ಆಗಬೇಕೆಂದು ಪಟ್ಟು ಹಿಡಿದರು. ಮಗ 13.3 ಇಂಚಿನದನ್ನು ಕೈಯಿಂದ ಕೆಳಗಿಡಲಿಲ್ಲ. ನಡುವಿನ 15.6 ತೋರಿಸಿ ರಾಜಿ ಮಾಡಿಸಲು ಹೋದ ಅಮ್ಮ ಇಬ್ಬರಿಂದಲೂ ಬೈಸಿಕೊಂಡರು. ಮೂವರೂ ಬರಿಗೈಯಲ್ಲಿ ಮನೆಗೆ ಮರಳಿದರು.

ಇಂಥದ್ದಕ್ಕೆಲ್ಲ ಆಪ್ತಸಲಹೆಗೆ ಬರುತ್ತಾರೆಯೇ ಎಂದು ಕೇಳಬಹುದು. ಇಂಥದ್ದಕ್ಕೇ ಹೆಚ್ಚು ಬರುತ್ತಾರೆ. "ನಮಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಕಡಿಮೆಯಾಗಿದೆ" ಎಂದು ಹೇಳಿ ಸಮಯ ಕೇಳಿದವರನ್ನು ನಾನು ಕಂಡಿಲ್ಲ. ಬೈಕು, ಮೊಬೈಲ್, ಕೋಣೆಯ ಚಿಲಕ, ಹೀಗೆ ಯಾವುದಾದರೊಂದು ವಸ್ತುವಿನ ಹೆಸರು ಹಿಡಿದೇ ಬರುತ್ತಾರೆ.

ಅಪ್ಪನನ್ನು ಮೊದಲು ಒಬ್ಬರನ್ನೇ ಮಾತನಾಡಿಸಿದೆ. ಪರದೆ ದೊಡ್ಡದಿದ್ದಷ್ಟೂ ಕಣ್ಣಿಗೆ ಒಳ್ಳೆಯದು, ಮನೆಯವರೆಲ್ಲ ಕುಳಿತು ಸಿನಿಮಾ ನೋಡಬಹುದು, ತಮ್ಮ ಲೆಕ್ಕಪತ್ರಕ್ಕೂ ಆಗುತ್ತದೆ ಎಂದರು. ಅಂಥ ಯಂತ್ರ ಎರಡರಿಂದ ಮೂರು ಕಿಲೋ ತೂಗುತ್ತದೆ, ಜೊತೆಗೆ ಚಾರ್ಜರಿನ ಭಾರ ಬೇರೆ ಎಂದೆ. "ತೂಗಲಿ ಬಿಡಿ, ಅದು ನಡುಮನೆಯ ಮೇಜಿನ ಮೇಲೇ ಇರುತ್ತದೆ" ಎಂದರು. ಸ್ವಲ್ಪ ಹೊತ್ತಿನ ನಂತರ, ನಾನು ಕೇಳದೆಯೇ, "ಅಲ್ಲೇ ಇರುತ್ತದೆ" ಎಂದು ಮತ್ತೊಮ್ಮೆ ಹೇಳಿದರು.

ಮಗನ ಸರದಿ. ಹಗುರವಾಗಿರಬೇಕು ಎಂದ. ಕಾಲೇಜಿಗೆ ಒಯ್ಯುತ್ತೀಯಾ ಎಂದರೆ ಇಲ್ಲ, ಅಲ್ಲಿ ಲ್ಯಾಬ್ ಇದೆ, ಬೇಕಿರುವುದು ಮನೆಯ ಓದಿಗೆ ಎಂದ. ಮನೆಯೊಳಗೇ ಇರುವ ವಸ್ತುವಿಗೆ ಹಗುರವೇಕೆ? ಚೀಲದ ಜಿಪ್ ಎಳೆಯುತ್ತ, ಬಿಡುತ್ತ ಕುಳಿತ. ಆಮೇಲೆ ಹೇಳಿದ: "ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡು ಓದಬೇಕು ಮೇಡಂ. ನಡುಮನೆಯಲ್ಲಿ ಕುಳಿತರೆ ಅಪ್ಪ ನೀರು ಕುಡಿಯಲು ಹೋಗುವಾಗಲೂ ಪರದೆ ನೋಡಿಕೊಂಡೇ ಹೋಗುತ್ತಾರೆ."

ಅಪ್ಪನಿಗೆ ಬೇಕಿದ್ದದ್ದು ಭಾರ, ಮಗನಿಗೆ ಬೇಕಿದ್ದದ್ದು ಅದರಿಂದ ಬಿಡುಗಡೆ. ಇಂಚು ನೆಪಮಾತ್ರವಾಗಿತ್ತು. ನಡುವಿನ ಅಳತೆ ಹಿಡಿದು ಬಂದ ಅಮ್ಮನ ರಾಜಿ ಏಕೆ ಸೋತಿತೆಂಬುದೂ ಇಲ್ಲೇ ಗೊತ್ತಾಗುತ್ತದೆ: 15.6 ಇಂಚಿನದು ಎಲ್ಲಿರಬೇಕು ಎಂಬುದನ್ನು ಅವರು ಹೇಳಿರಲಿಲ್ಲ.

ಮೂವರನ್ನೂ ಒಟ್ಟಿಗೆ ಕೂರಿಸಿ, ಇಂಚಿನ ಮಾತು ಬೇಡ, ಲ್ಯಾಪ್‌ಟಾಪ್ ಎಲ್ಲಿರುತ್ತದೆ ಎಂಬುದನ್ನು ಮಾತ್ರ ತೀರ್ಮಾನಿಸೋಣ ಎಂದೆ. ಎಳೆದಾಟ ಸಾಕಷ್ಟೇ ಆಯಿತು. ಕೊನೆಗೆ ಮಗನ ಕೋಣೆಯ ಓದುವ ಮೇಜು ಎಂದಾಯಿತು. ಆನ್‌ಲೈನ್ ತರಗತಿ ಇರುವಾಗ, ಬರೆಯುವ ಕೆಲಸವಿರುವಾಗ ಬಾಗಿಲು ಹಾಕಿಕೊಳ್ಳಬಹುದು. ರಾತ್ರಿ ಮಲಗುವ ಮೊದಲು ಲ್ಯಾಪ್‌ಟಾಪ್ ನಡುಮನೆಗೆ ಬಂದು ಅಲ್ಲೇ ಚಾರ್ಜ್ ಆಗಬೇಕು, ಹಾಸಿಗೆಗೆ ಹೋಗಕೂಡದು. ಅಪ್ಪ ಒಳಗೆ ಹೋಗುವ ಮುನ್ನ ಬಾಗಿಲು ತಟ್ಟಬೇಕು.

ಈ ಕೊನೆಯ ಮಾತಿಗೆ ಅವರ ಮುಖ ಕೆಂಪೇರಿತು. "ನನ್ನ ಮನೆಯಲ್ಲಿ ನಾನು ಬಾಗಿಲು ತಟ್ಟಬೇಕೆ?" ಎಂದರು. ತಟ್ಟಬೇಕು ಎಂದೆ. ಬೆನ್ನ ಹಿಂದಿನಿಂದ ಪರದೆ ಇಣುಕುವ ಅಪ್ಪನಿಂದ ಹದಿನೆಂಟರ ಹುಡುಗ ಕಲಿಯುವುದು ಒಂದೇ ವಿದ್ಯೆ, ಹೆಜ್ಜೆ ಸಪ್ಪಳ ಕೇಳಿದೊಡನೆ ಪರದೆ ಬದಲಿಸುವುದು. ಏನು ಓದುತ್ತಿದ್ದಾನೆಂದು ತಿಳಿಯಬೇಕಿದ್ದರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಕೇಳಿ, ಅವನೇ ತೋರಿಸಲಿ. ಅಪ್ಪ ಒಪ್ಪಿದರೆಂದು ಹೇಳಲಾರೆ. ಆದರೆ ಎದ್ದು ಹೋಗಲಿಲ್ಲ.

ಜಾಗ ಗೊತ್ತಾದ ಮೇಲೆ ಅಳತೆಗೆ ಇಳಿಯುವುದು ಸುಲಭ. ಮನೆಯಲ್ಲಿ ಮಾಡಿ ನೋಡಲು ಒಂದು ಕೆಲಸ ಕೊಟ್ಟೆ. ಹಳೆಯ ಪತ್ರಿಕೆಯಲ್ಲಿ ನಾಲ್ಕು ಆಯತಗಳನ್ನು ಕತ್ತರಿಸಿ: 13.3 ಇಂಚಿನ ಯಂತ್ರದ ಹೊರಮೈಗೆ ಸುಮಾರು 30 ಸೆಂಟಿಮೀಟರ್ ಅಗಲ, 21 ಉದ್ದ, 14 ಇಂಚಿನದಕ್ಕೆ 32 ಮತ್ತು 22, 15.6ಕ್ಕೆ 36 ಮತ್ತು 24, 17.3ಕ್ಕೆ 40 ಮತ್ತು 26. ಮಾದರಿಯಿಂದ ಮಾದರಿಗೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಒಂದೊಂದನ್ನೇ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನೋಟ್‌ಬುಕ್ ತೆರೆದಿಟ್ಟುಕೊಂಡು, ದಿನವೂ ಓದುವ ಹಾಗೆಯೇ ಕುಳಿತು ನೋಡಿ ಎಂದೆ. ಅಪ್ಪನೂ ಜೊತೆಗಿರಬೇಕೆಂಬ ಷರತ್ತು ಹಾಕಿದೆ.

ಮುಂದಿನ ಭೇಟಿಗೆ ಹುಡುಗ ಮೊಬೈಲಿನಲ್ಲಿ ಚಿತ್ರಗಳನ್ನು ತಂದಿದ್ದ. ಮೇಜಿನ ಅಗಲ 75 ಸೆಂಟಿಮೀಟರ್, ಆಳ 45. ತೆರೆದಿಟ್ಟ ಎ4 ಅಳತೆಯ ನೋಟ್‌ಬುಕ್ಕಿಗೇ 42 ಬೇಕು. 17.3ರ ಕಾಗದದ ಪಕ್ಕದಲ್ಲಿ ನೋಟ್‌ಬುಕ್ಕಿನ ಬಲಹಾಳೆಯ ಅಂಚು ಮೇಜು ದಾಟಿ ಗಾಳಿಯಲ್ಲಿತ್ತು. 15.6ರದೂ ಹೆಚ್ಚುಕಡಿಮೆ ಅದೇ ಪಾಡು. 14ರದು ಕೂದಲೆಳೆಯಲ್ಲಿ ಹಿಡಿಸಿತ್ತು. "ಇದರಲ್ಲಿ ಬರೆಯುವುದೆಲ್ಲಿ ಎಂದು ಮೊದಲು ಕೇಳಿದ್ದು ನಾನೇ" ಎಂದು ಅಪ್ಪ ತುಸು ಹೆಮ್ಮೆಯಿಂದಲೇ ಹೇಳಿದರು. ಕೇಳಿದ್ದು ಯಾರನ್ನು? ಮಗನನ್ನು. ಮಾತು ಬಿಟ್ಟಿದ್ದವರು ಕತ್ತರಿ, ಅಳತೆಪಟ್ಟಿ ಹಿಡಿದು ಮಾತಾಡಿದ್ದರು. ನನ್ನ ಮಟ್ಟಿಗೆ ಅಂದಿನ ಮುಖ್ಯ ಫಲಿತಾಂಶ ಅದು; ಲ್ಯಾಪ್‌ಟಾಪ್ ಆಮೇಲಿನ ವಿಚಾರ.

ಆದರೂ ಅವರಿಗೆ ಬೇಕಿದ್ದ ಉತ್ತರಗಳನ್ನು ಕೊಡಲೇಬೇಕಿತ್ತು. ಇಂಚೆಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗಿರುವ ಅಳತೆ. ಅದೊಂದೇ ಅಂಕಿ ನೋಡಿದರೆ ಮೋಸ ಹೋಗುತ್ತೇವೆ. 16:9 ಆಕಾರದ (ಅಗಲ 16 ಪಾಲಾದರೆ ಎತ್ತರ 9 ಪಾಲು) 15.6 ಇಂಚಿನ ಪರದೆ ಸುಮಾರು 34.5 ಸೆಂಟಿಮೀಟರ್ ಅಗಲ, 19.4 ಎತ್ತರ ಇರುತ್ತದೆ. 16:10 ಆಕಾರದ 14 ಇಂಚಿನದು 30.2 ಅಗಲ, 18.8 ಎತ್ತರ. ಎತ್ತರದಲ್ಲಿ ವ್ಯತ್ಯಾಸ ಅರ್ಧ ಸೆಂಟಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಪುಟ ಓದುವವರಿಗೆ, ಪ್ರಬಂಧ ಬರೆಯುವವರಿಗೆ ಬೇಕಾದದ್ದು ಎತ್ತರ. ಪರದೆಯ ಅಡ್ಡಕ್ಕೆ ಮತ್ತು ಎತ್ತರಕ್ಕೆ ಇರುವ ಚುಕ್ಕಿಗಳ ಲೆಕ್ಕದಲ್ಲಿ 1920×1080 ಪಿಕ್ಸೆಲ್‌ಗಳ ಬದಲು 1920×1200 ಇದ್ದರೆ ಪುಟದ ಒಂದಷ್ಟು ಸಾಲುಗಳು ಹೆಚ್ಚಾಗಿ ಕಾಣುತ್ತವೆ. 1366×768ರ ಪರದೆ ಎಷ್ಟು ಇಂಚಿನದಾದರೂ ಬೇಡ. ಎರಡು ಕಡತಗಳನ್ನು ಅಕ್ಕಪಕ್ಕ ತೆರೆದರೆ ಉಸಿರುಗಟ್ಟುತ್ತದೆ.

ಅಮ್ಮನ ಚಿಂತೆ ಕಣ್ಣಿನದು. ಕಣ್ಣಿಗೆ ತಾಕುವುದು ಅಕ್ಷರದ ಗಾತ್ರ, ನೋಡುವ ದೂರ, ಬಿಡುವಿಲ್ಲದ ನೋಟ. 14 ಇಂಚಿನಲ್ಲಿ ಅಕ್ಷರ ಚಿಕ್ಕದೆನಿಸಿದರೆ ಸೆಟ್ಟಿಂಗ್‌ನಲ್ಲಿ 125 ಅಥವಾ 150 ಪ್ರತಿಶತಕ್ಕೆ ಹಿಗ್ಗಿಸಿಕೊಳ್ಳಬಹುದು. ಪರದೆ ಕಣ್ಣಿನಿಂದ 50ರಿಂದ 70 ಸೆಂಟಿಮೀಟರ್ ದೂರವಿರಲಿ, ಅಂದರೆ ಕೈಚಾಚಿದರೆ ಬೆರಳ ತುದಿ ತಾಗುವಷ್ಟು. ಇಪ್ಪತ್ತು ನಿಮಿಷಕ್ಕೊಮ್ಮೆ ಆರು ಮೀಟರ್ ಆಚೆಗಿನ ಏನನ್ನಾದರೂ ಇಪ್ಪತ್ತು ಸೆಕೆಂಡ್ ನೋಡಲಿ. ಬೆನ್ನ ಹಿಂದೆ ಕಿಟಕಿಯಿದ್ದರೆ ಹೊಳಪಿನ ಪರದೆ ಬೇಡ, ಮ್ಯಾಟ್ ಇರಲಿ. ಹುಡುಗನ ಕನ್ನಡಕದ ಪರೀಕ್ಷೆ ಆಗಿ ಬಹಳ ಕಾಲವಾಗಿತ್ತು. ಹೊಸ ಲ್ಯಾಪ್‌ಟಾಪಿಗೆ ಮೊದಲು ಅದಾಗಲಿ ಎಂದೆ.

ಕತ್ತಿನ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೈ ಮೇಲೇಳುತ್ತದೆ, ಕೈಗೆ ಹೊಂದಿಸಿದರೆ ಕತ್ತು ಬಾಗುತ್ತದೆ. 17 ಇಂಚಿನದನ್ನು ಕೊಂಡರೂ ಈ ದೋಷ ಹೋಗುವುದಿಲ್ಲ. ಮನೆಯಲ್ಲಿ ಗಂಟೆಗಟ್ಟಲೆ ಕೂರುವ ವಿದ್ಯಾರ್ಥಿಗೆ ಒಂದು ಸ್ಟ್ಯಾಂಡ್, ಬೇರೆ ಕೀಲಿಮಣೆ, ಮೌಸ್ ಕೊಡಿಸಿದರೆ ದೊಡ್ಡ ಪರದೆಗಿಂತ ಹೆಚ್ಚು ಉಪಕಾರ. ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಅಥವಾ ಸ್ವಲ್ಪ ಕೆಳಗೆ ಬಂದರೆ ಸಾಕು.

ಲೆಕ್ಕಶಾಸ್ತ್ರ ಓದುವವನಿಗೆ ಅಂಕಿಗಳ ಕೀಲಿಗುಂಪು ಬೇಕಲ್ಲವೇ ಎಂದು ಅಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ, 15.6ರ ಪರ ಇರುವ ನಿಜವಾದ ವಾದವೂ ಅದೇ. ಆದರೆ ಆ ಗುಂಪು ಬಲಕ್ಕೆ ಬಂದಾಗ ಅಕ್ಷರದ ಕೀಲಿಗಳು ಎಡಕ್ಕೆ ಸರಿಯುತ್ತವೆ, ಕೈಗಳು ಪರದೆಯ ನಡುವಿಗೆ ನೇರವಾಗಿರುವುದಿಲ್ಲ. ಕೆಲವರಿಗೆ ಇದು ಗಮನಕ್ಕೇ ಬರುವುದಿಲ್ಲ, ಕೆಲವರಿಗೆ ಭುಜ ನೋಯುತ್ತದೆ. ಬೇರೆ ಕೀಲಿಮಣೆ ಕೊಳ್ಳುವುದೇ ಆದರೆ ಅಂಕಿಗಳಿರುವುದನ್ನೇ ಕೊಂಡರಾಯಿತು.

ಸಿನಿಮಾದ ಆಸೆಯನ್ನು ಮಗನ ಓದಿನ ಯಂತ್ರದ ಮೇಲೆ ಹೇರಬೇಡಿ ಎಂದು ಅಪ್ಪನಿಗೆ ನೇರವಾಗಿಯೇ ಹೇಳಿದೆ. ಮನೆಯಲ್ಲಿ ಟಿವಿ ಇದೆ, ಒಂದು ಎಚ್‌ಡಿಎಂಐ ಕೇಬಲ್ ಸಾಕು. ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಇದೆಯೇ ಎಂದು ನೋಡಿಕೊಳ್ಳಬೇಕು. ಯುಎಸ್‌ಬಿ-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಚಿತ್ರ ಹೊರಬರುತ್ತದೆಂಬ ಖಾತರಿಯಿಲ್ಲ. ಮುಂದೆ ದೊಡ್ಡ ಪರದೆ ಬೇಕೆನಿಸಿದರೆ 24 ಇಂಚಿನ ಮಾನಿಟರ್ ಇದೆ, 17.3ರ ಪರದೆಯ ಹತ್ತಿರ ಹತ್ತಿರ ಎರಡರಷ್ಟು ವಿಸ್ತೀರ್ಣದ್ದು. ಆದರೆ 45 ಸೆಂಟಿಮೀಟರ್ ಆಳದ ಆ ಮೇಜಿನ ಮೇಲೆ ಅದು ಮುಖಕ್ಕೆ ತೀರ ಹತ್ತಿರ ಬರುತ್ತದೆ. ಮೇಜು ಬದಲಾಗುವವರೆಗೆ ಬೇಡ.

ಎಲ್ಲರಿಗೂ 14 ಇಂಚೇ ಸರಿ ಎಂದು ಇದರ ಅರ್ಥವಲ್ಲ. ಅಗಲವಾದ ಮೇಜಿದ್ದು, ಯಂತ್ರ ಅಲುಗಾಡದೆ ಅಲ್ಲೇ ಇರುವುದಾದರೆ, ವಿನ್ಯಾಸ ಅಥವಾ ವಿಡಿಯೊ ಸಂಕಲನದ ಕೆಲಸವಿದ್ದರೆ 16 ಇಂಚಿನ ಕಡೆಗೇ ನಾನೂ ಕೈ ತೋರಿಸುತ್ತಿದ್ದೆ. ದಿನವೂ ಹೊರುವವರಿಗೆ 13.3 ಹಿತ. 11.6ರದನ್ನು ಇರುವ ಒಂದೇ ಯಂತ್ರವಾಗಿ ಕೊಡಿಸುವುದು ಬೇಡ. ತೀರ ತೆಳುವಾದ ಹಲವು ಮಾದರಿಗಳಲ್ಲಿ ಯಂತ್ರದ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್ ಅನ್ನು ಆಮೇಲೆ ಹೆಚ್ಚಿಸಲು ಬಾರದಂತೆ ಬೆಸೆದಿರುತ್ತಾರೆ, ಅದನ್ನು ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಅಂಗಡಿಯಲ್ಲಿ ನಿಂತುಕೊಂಡು ನೋಡಿ ಬರಬೇಡ, ಕುರ್ಚಿ ಕೇಳಿ ಕುಳಿತು ಒಂದು ಪುಟ ಟೈಪ್ ಮಾಡು ಎಂದು ಹುಡುಗನಿಗೆ ಹೇಳಿ ಕಳುಹಿಸಿದೆ.

ಅವರು 16:10 ಆಕಾರದ 14 ಇಂಚಿನದನ್ನೇ ಕೊಂಡರು. ಸ್ಟ್ಯಾಂಡ್ ಇನ್ನೂ ಬಂದಿಲ್ಲ. ಕಳೆದ ವರ್ಷದ ಪಠ್ಯಪುಸ್ತಕಗಳನ್ನು ಒಟ್ಟಿ ಅದರ ಮೇಲಿಟ್ಟಿದ್ದಾನೆ. ಪರೀಕ್ಷೆಯ ಸಮಯದಲ್ಲಿ ಲ್ಯಾಪ್‌ಟಾಪ್ ರಾತ್ರಿ ನಡುಮನೆಗೆ ಬರಲಿಲ್ಲ. ಒಪ್ಪಂದ ಮುರಿದ ಎಂದು ಅಪ್ಪ ದೂರಿದರು. ಅಪ್ಪ ಬಾಗಿಲು ತಟ್ಟುತ್ತಾರೆ, ಆದರೆ ಉತ್ತರಕ್ಕೆ ಕಾಯದೆ ಒಳಗೆ ಬಂದುಬಿಡುತ್ತಾರೆ ಎಂದು ಮಗ ದೂರಿದ. ಪರೀಕ್ಷೆಯ ದಿನಗಳಿಗೆ ಬೇರೆ ನಿಯಮ ಬರೆದುಕೊಂಡೆವು, ಬಾಗಿಲಿನದನ್ನು ಮಾತ್ರ ಸಡಿಲಿಸಲಿಲ್ಲ. ಮುಂದಿನ ಭೇಟಿಗೆ ಅಮ್ಮ ಸಮಯ ಕೇಳಿದ್ದಾರೆ. ಈ ಸಲ ವಿಷಯ ಮೊಬೈಲಿನದಂತೆ, ಅದೂ ಅಪ್ಪನದು.